ಬಾತಿನ ಮರಿ: ಕಾಯಿಲೆ ಮತ್ತು ಆರೈಕೆ

ಮೊಟ್ಟೆಯೊಡೆದು ಹೊರಬಂದ ದಿನದಿಂದ ಮೈತುಂಬ ಗರಿ ಮೂಡುವ ಏಳೆಂಟು ವಾರಗಳವರೆಗಿನ ಬಾತುಕೋಳಿಯೇ ಬಾತಿನ ಮರಿ. ಈ ಅವಧಿಯಲ್ಲಿ ಮೊದಲ ಎರಡು ಮೂರು ವಾರಗಳೇ ಅದಕ್ಕೆ ಗಂಡಾಂತರದ ಕಾಲ. ಮರಿ ಮಂಕಾಗಿ ಕಣ್ಣು ಮುಚ್ಚಿ ಕೂತರೆ ಸಾಕುವವರಿಗೆ ಮೊದಲು ನೆನಪಾಗುವುದು ದೊಡ್ಡ ಹೆಸರಿನ ರೋಗಗಳು. ಹುಡುಕುತ್ತ ಹೋದರೆ ಮಾತ್ರ ಹೆಚ್ಚಿನ ಸಲ ಸಿಗುವುದು ಥಂಡಿ, ಒದ್ದೆ ಹಾಸು, ಬೂಸ್ಟು ಹಿಡಿದ ಹಿಂಡಿ, ಕೋಳಿಮರಿಗೆಂದು ತಂದ ಆಹಾರ. ಎಲ್ಲವೂ ಮನೆಯಂಗಳದೊಳಗಿನ ಕಾರಣಗಳು, ಮನೆಯವರ ಕೈಯಲ್ಲೇ ಸರಿಹೋಗಬಲ್ಲವು.

ಇದಕ್ಕೆ ಉಡುಪಿ ಜಿಲ್ಲೆಯ ಕರಾವಳಿಯನ್ನೇ ನೋಡಬಹುದು. ಕುಂದಾಪುರದಿಂದ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿ, ವಾರಾಹಿ ಹೊಳೆಯ ಸೆರಗಿನಲ್ಲಿರುವ ಹಟ್ಟಿಯಂಗಡಿ ಆಳುಪರ ಕಾಲದ ಹಳೆಯ ಊರು. ಇಂದು ಹೊರಗಿನವರಿಗೆ ಅದು ಸಿದ್ಧಿವಿನಾಯಕ ದೇವಸ್ಥಾನದ ಊರಾಗಿ ಪರಿಚಿತ. ಹೊಳೆ, ತೋಡು, ಮದಗ, ಮಳೆಗಾಲವಿಡೀ ನೀರು ನಿಲ್ಲುವ ಬೈಲುಗದ್ದೆ, ಹೀಗೆ ಬಾತಿಗೆ ಬೇಕಾದುದೆಲ್ಲ ಈ ಸೀಮೆಯಲ್ಲಿದೆ. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಅಂಗಳದ ಹಕ್ಕಿ ಎಂದರೆ ಕೋಳಿಯೇ. ಬಾತು ಸಾಕಣೆಯ ದೊಡ್ಡ ಪರಂಪರೆ ಇರುವುದು ಪಶ್ಚಿಮ ಬಂಗಾಳ, ಅಸ್ಸಾಂ ಮತ್ತು ಕೇರಳದ ಕುಟ್ಟನಾಡಿನಲ್ಲಿ. ಇಲ್ಲಿ ನಾಲ್ಕೋ ಆರೋ ಬಾತು ಕೋಳಿಗಳ ನಡುವೆ ಸೇರಿಕೊಂಡಿರುತ್ತವೆ. ಕೋಳಿ ಸಾಕಿ ಪಳಗಿದ ಕೈ ಬಾತಿನ ಮರಿಯನ್ನೂ ಕೋಳಿಯ ಲೆಕ್ಕದಲ್ಲೇ ನೋಡುತ್ತದೆ. ಮರಿ ಸೊರಗುವುದಕ್ಕೆ ಬಹಳ ಸಲ ಇದೇ ಬೇರು.

ಮೊಟ್ಟೆಯ ಹಂತದಲ್ಲೇ ವ್ಯತ್ಯಾಸ ಶುರುವಾಗುತ್ತದೆ. ಕೋಳಿಮೊಟ್ಟೆಗೆ 21 ದಿನದ ಕಾವು ಸಾಕು. ಸಾಮಾನ್ಯ ಬಾತಿಗೆ 28 ದಿನ ಬೇಕು, ಮಸ್ಕೋವಿ ಬಾತಿಗೆ 35. ಖಾಕಿ ಕ್ಯಾಂಪ್‌ಬೆಲ್‌ನಂತಹ ಮೊಟ್ಟೆಯ ತಳಿಗಳಲ್ಲಿ ಕಾವು ಕೂರುವ ಗುಣವೇ ಬಹಳ ಕಡಿಮೆ. ವರ್ಷಕ್ಕೆ 300ರ ಹತ್ತಿರ ಮೊಟ್ಟೆಯಿಡುವ ಈ ತಳಿಯನ್ನು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಬೆಳೆಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಸಾಕಣಾ ಕೇಂದ್ರ ಇದನ್ನೂ ಮಾಂಸದ ತಳಿಯಾದ ವೈಟ್ ಪೆಕಿನ್ನನ್ನೂ ಬೆಳೆಸಿ ಹಂಚುತ್ತ ಬಂದಿದೆ. ಹಳ್ಳಿಮನೆಗಳಲ್ಲಿ ಬಾತಿನ ಮೊಟ್ಟೆಯನ್ನು ಕಾವಿಗೆ ಕೂತ ಹೇಂಟೆಯ ಅಡಿಗಿಡುವುದುಂಟು. ಮೂರು ವಾರಕ್ಕೆ ಮುಗಿಯಬೇಕಾದ ಕೆಲಸ ನಾಲ್ಕು ವಾರಕ್ಕೆ ಬೆಳೆದರೂ ಹೇಂಟೆ ಸಹಿಸಿಕೊಂಡು ಕೂರುತ್ತದೆ, ಮರಿಗಳನ್ನು ತನ್ನವೆಂದೇ ಸಾಕುತ್ತದೆ. ಆದರೆ ಒಂದು ಕೊರತೆ ಉಳಿಯುತ್ತದೆ. ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆ ಸವರಿಕೊಳ್ಳುವುದು ತಾಯಿಬಾತಿನ ಅಭ್ಯಾಸ. ಆ ಮೈಯಡಿ ನುಸುಳಿ ಬೆಳೆಯುವ ಮರಿಯ ತುಪ್ಪುಳಕ್ಕೂ ನೀರು ಬೇಗ ಹತ್ತುವುದಿಲ್ಲ. ಹೇಂಟೆಯಡಿ ಅಥವಾ ಯಂತ್ರದಲ್ಲಿ ಹುಟ್ಟಿದ ಮರಿಗೆ ಆ ಅನುಕೂಲವಿಲ್ಲ. ಬಾತಲ್ಲವೇ, ಈಜಲಿ ಎಂದು ಎರಡನೆಯ ದಿನವೇ ತೋಡಿಗೆ ಬಿಟ್ಟರೆ ಅದು ಹತ್ತಿಯಂತೆ ನೀರು ಹೀರಿ, ಸೆಟೆದು ನಡುಗುತ್ತ ದಡಕ್ಕೆ ಬರುತ್ತದೆ. ಮುಳುಗಿ ಸಾಯುವುದೂ ಉಂಟು.

ಹೀಗೆ ಥಂಡಿ ಹೊಡೆದ ಮರಿ ಕೈಗೆ ಸಿಕ್ಕಾಗ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಆಹಾರ. ಗಾಬರಿಯಲ್ಲಿ ಈ ಕ್ರಮ ತಲೆಕೆಳಗಾಗುವುದರಿಂದಲೇ ಬದುಕಬಹುದಾಗಿದ್ದ ಎಷ್ಟೋ ಮರಿ ಹೋಗುತ್ತವೆ. ಹಕ್ಕಿಯ ಮೈಬಿಸಿ ಮನುಷ್ಯನದಕ್ಕಿಂತ ಹೆಚ್ಚು, ಬಾತಿನಲ್ಲಿ 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆರೋಗ್ಯವಾಗಿರುವ ಮರಿ ನಮ್ಮ ಅಂಗೈಗೆ ಬೆಚ್ಚಗೆ ತಾಗಬೇಕು. ಕಾಲು, ಕೊಕ್ಕು ತಣ್ಣಗಿದ್ದರೆ ಅದರ ಕರುಳು ಕೆಲಸ ನಿಲ್ಲಿಸುತ್ತ ಬಂದಿದೆ ಎಂದರ್ಥ, ಆಗ ತುರುಕಿದ ಆಹಾರ ಅನ್ನನಾಳದಲ್ಲೇ ಕೊಳೆಯುತ್ತದೆ. ಒಣ ಬಟ್ಟೆಯಲ್ಲಿ ತುಪ್ಪುಳದ ನೀರು ಒತ್ತಿ ತೆಗೆದು, ಬಟ್ಟೆ ಹಾಸಿದ ಹೆಡಿಗೆಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಕೂರಿಸಿ, ಒಂದು ಮೂಲೆಗೆ ಮಾತ್ರ ಬಲ್ಬಿನ ಬಿಸಿ ಬೀಳುವಂತೆ ಮಾಡಬೇಕು. ಇನ್ನೊಂದು ಮೂಲೆ ತಂಪಾಗಿರಬೇಕು. ಸೆಕೆಯಾದರೆ ಮರಿ ತಾನೇ ಆಚೆ ಸರಿಯುತ್ತದೆ.

ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 32 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರುವುದು ವಾಡಿಕೆ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ: ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಥಂಡಿ, ಗೋಡೆಗಂಟಿ ಬಾಯಿ ತೆರೆದು ಏದುತ್ತಿದ್ದರೆ ಸೆಕೆ, ಅಲ್ಲಲ್ಲಿ ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ಕರಾವಳಿಯ ಏಪ್ರಿಲ್ ಹಗಲಿನಲ್ಲಿ ಬಲ್ಬೇ ಬೇಡ, ಹಚ್ಚಿದರೆ ಅದೇ ಕೊಲ್ಲುತ್ತದೆ. ಆಷಾಢದ ರಾತ್ರಿಯ ಮಾತು ಬೇರೆ. ಗಾಳಿಮಳೆಗೆ ಕರೆಂಟು ಹೋಗುವುದು ಇಲ್ಲಿ ಮಾಮೂಲಾದ್ದರಿಂದ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮರಿಯ ಪಕ್ಕದಲ್ಲಿಡುವ ಉಪಾಯ ಗೊತ್ತಿರಬೇಕು. ಬಚ್ಚಲ ಹಂಡೆಯ ಒಲೆ ಆರಿದ ಮೇಲೆ ಉಳಿಯುವ ಬಿಸಿಯೂ ಒಳ್ಳೆಯದೇ. ಆದರೆ ಹೊಗೆಯಾಡುವ ಒಲೆಯ ಬಳಿ, ಕೆಂಡದ ಮಡಕೆಯಿಟ್ಟು ಮುಚ್ಚಿದ ಕೋಣೆಯಲ್ಲಿ ಮರಿಯನ್ನು ಇಡಲೇಬಾರದು. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಕೊಂಡಿದ್ದು, ಉಸಿರಿನ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಹೀಗಾಗಿ ವಿಷಗಾಳಿಯನ್ನು ಅದು ನಮಗಿಂತ ಬೇಗ ಹೀರುತ್ತದೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದುದು ಇದೇ ಕಾರಣಕ್ಕೆ.

ಮೈ ಬಿಸಿಯಾದ ಮೇಲೆ ನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲದ ಪುಡಿ ಕರಗಿಸಿ ಕೊಡುವುದು ನಾಟಿ ರೂಢಿ. ಮರಿಕೋಳಿ ತರಿಸಿಕೊಂಡವರೆಲ್ಲ ಮೊದಲ ದಿನ ಇದನ್ನೇ ಮಾಡುತ್ತಾರೆ. ಬಳಲಿದ ಮರಿಗೆ ಕೆಲವು ಗಂಟೆ ಇದು ಹಿತ, ದಿನಗಟ್ಟಲೆ ಮುಂದುವರಿಸಿದರೆ ಭೇದಿ. ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ತಾಗಿಸಬೇಕು, ನುಂಗಿದ್ದನ್ನು ನೋಡಿ ಮತ್ತೆ ತಾಗಿಸಬೇಕು. ಬಾಯಿ ಬಿಡಿಸಿ ಸುರಿಯುವುದು ಅಪಾಯ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಸುರಿದ ನೀರು ನೇರ ಅಲ್ಲಿಗೇ ಹೋಗುತ್ತದೆ.

ಕುಡಿಯುವ ಪಾತ್ರೆಯಲ್ಲೂ ಕೋಳಿಯ ಲೆಕ್ಕ ನಡೆಯುವುದಿಲ್ಲ. ಬಾತು ಒಂದು ತುತ್ತು ತಿಂದರೆ ಒಂದು ಗುಟುಕು ನೀರು ಕೇಳುತ್ತದೆ, ಇಲ್ಲದಿದ್ದರೆ ಒಣ ಹಿಟ್ಟು ಗಂಟಲಲ್ಲಿ ಕಟ್ಟುತ್ತದೆ. ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಬೇಕು, ಕೊಕ್ಕು ಕಣ್ಣು ತೊಳೆದುಕೊಳ್ಳಲಾಗದ ಮರಿಗೆ ಹೊಳ್ಳೆ ಕಟ್ಟಿ, ಕಣ್ಣಲ್ಲಿ ನೊರೆ ಮೂಡಿ ರೆಪ್ಪೆ ಅಂಟುತ್ತದೆ. ಅದೇ ಹೊತ್ತಿಗೆ ಮರಿ ಒಳಗೆ ಇಳಿಯುವಷ್ಟು ಅಗಲವೂ ಇರಬಾರದು. ಅಗಲದ ಬಟ್ಟಲಲ್ಲಿ ನಾಲ್ಕು ದುಂಡುಕಲ್ಲು ಹಾಕಿಟ್ಟರೆ ಎರಡೂ ಸಾಧ್ಯ.

ಹಟ್ಟಿಯಂಗಡಿ, ತಲ್ಲೂರು, ಗಂಗೊಳ್ಳಿ ಕಡೆಯವರು ನೀರಿನ ರುಚಿಯನ್ನೂ ನೋಡಬೇಕು. ವಾರಾಹಿ, ಚಕ್ರಾ, ಸೌಪರ್ಣಿಕಾ ಮುಂತಾದ ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಭರತದ ಉಪ್ಪುನೀರು ಒಳನಾಡಿಗೆ ಏರುತ್ತದೆ, ತೋಡುಗಳಿಗೂ ಕೆಲವು ಬಾವಿಗಳಿಗೂ ಬರುತ್ತದೆ. ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಯೊಂದು ಬಾತಿಗೆ ಕಣ್ಣಿನ ಮೇಲ್ಭಾಗದಲ್ಲಿದೆ. ಎಳೆಮರಿಯಲ್ಲಿ ಅದು ಇನ್ನೂ ಪೂರ್ತಿ ಕೆಲಸಕ್ಕೆ ಇಳಿದಿರುವುದಿಲ್ಲ. ದೊಡ್ಡ ಬಾತು ಸಲೀಸಾಗಿ ಕುಡಿಯುವ ಸವುಳು ನೀರು ವಾರದ ಮರಿಗೆ ವಿಷವಾಗುವುದು ಹೀಗೆ: ತೀರದ ಬಾಯಾರಿಕೆ, ಭೇದಿ, ನಡುಕ, ನೆಲಕ್ಕೆ ಬೀಳುವುದು. ಮೀನಿನೂರಿನಲ್ಲಿ ಉಪ್ಪುಮೀನಿನ ಚೂರನ್ನು ಮರಿಗೆ ಹಾಕುವ ಪ್ರೀತಿಯೂ ಇದೇ ಕೆಲಸ ಮಾಡುತ್ತದೆ. ಹಸಿ ಮೀನು ಬೇಯಿಸಿ, ಮುಳ್ಳು ತೆಗೆದು, ಉಪ್ಪಿಲ್ಲದೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಪ್ರೋಟೀನು ಸುಲಭಕ್ಕೆ ಸಿಗದು.

ಆಹಾರದ ಅಧ್ಯಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪುವುದು ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ. ಬಾತಿನ ಮರಿಗೆ ಒಂದು ಕಿಲೋ ಆಹಾರದಲ್ಲಿ 55 ಮಿಲಿಗ್ರಾಂ ನಯಾಸಿನ್ ಬೇಕು, ಕೋಳಿಮರಿಗೆ ಅದರ ಅರ್ಧ ಸಾಕು. ಕೋಳಿಮರಿಯ ಸ್ಟಾರ್ಟರ್ ಚೀಲದಲ್ಲಿ ಬಾತಿಗೆ ಬೇಕಾದಷ್ಟು ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಕೊರತೆ ಕಾಲಿನಲ್ಲಿ ಕಾಣಿಸುತ್ತದೆ. ಮರಿ ಚೆನ್ನಾಗಿ ತಿನ್ನುತ್ತಿರುತ್ತದೆ, ಬೆಳೆಯುತ್ತಲೂ ಇರುತ್ತದೆ. ಆದರೆ ಹಿಮ್ಮಡಿಯ ಗೆಣ್ಣು ಊದಿ, ಕಾಲು ಬಿಲ್ಲಿನಂತೆ ಬಾಗಿ, ನಾಲ್ಕು ಹೆಜ್ಜೆಗೊಮ್ಮೆ ಕೂತುಬಿಡುತ್ತದೆ. ಇದನ್ನು ವಾತವೆಂದೋ ಪೆಟ್ಟೆಂದೋ ಬಗೆದು ಎಣ್ಣೆ ತಿಕ್ಕುತ್ತ ಕೂತರೆ ಮೂಳೆ ಬಲಿತು ಕಾಲು ಹಾಗೇ ನಿಲ್ಲುತ್ತದೆ. ಮೊದಲ ದಿನಗಳಲ್ಲೇ ಆಹಾರಕ್ಕೆ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿದರೆ, ಇಲ್ಲವೇ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ನಯಾಸಿನ್ ಕೊಟ್ಟರೆ ಮರಿ ಎದ್ದು ಓಡಾಡುತ್ತದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಅದು ಬಿಗಿದುಕೊಂಡ ರೂಪದಲ್ಲಿದೆ, ದೇಹಕ್ಕೆ ದಕ್ಕುವುದು ಸ್ವಲ್ಪವೇ. ಮನುಷ್ಯರಲ್ಲಿ ಪೆಲಾಗ್ರಾ ಎಂಬ ಕಾಯಿಲೆ ಬರುತ್ತಿದ್ದುದು ಇದೇ ಕೊರತೆಯಿಂದ. ಅದಕ್ಕೆ ಮದ್ದು ನಿಕೊಟಿನಿಕ್ ಆಮ್ಲವೆಂದು 1937ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಕಾನ್ರಾಡ್ ಎಲ್ವೆಹ್ಯಾಮ್.

ಅಕ್ಕಿಯ ಕತೆಯೂ ಇಲ್ಲಿ ಹೇಳಬೇಕಾದ್ದೇ. ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು 1890ರ ದಶಕದಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲಿನ ಬಲ ಬಿದ್ದುಹೋಗುವುದನ್ನೂ, ತೌಡು ಕೊಟ್ಟರೆ ಅವು ಮೇಲೇಳುವುದನ್ನೂ ಗಮನಿಸಿದರು. ಜೀವಸತ್ವಗಳ ಅರಿವಿಗೆ ದಾರಿ ಮಾಡಿದ ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಬಿಳಿ ಅನ್ನವನ್ನೇ ತಿನ್ನಿಸಿದ ಬಾತಿನ ಮರಿಯೂ ಹಾಗೇ ಕತ್ತು ಹಿಂದಕ್ಕೆ ಬಾಗಿಸಿ ಆಕಾಶ ನೋಡತೊಡಗುತ್ತದೆ. ಕರಾವಳಿಯ ಕುಚ್ಚಲಕ್ಕಿ ಈ ವಿಷಯದಲ್ಲಿ ಮೇಲು. ಭತ್ತವನ್ನು ಬೇಯಿಸುವಾಗ ತೌಡಿನ ಪದರದ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನೊಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಕುಚ್ಚಲಕ್ಕಿಯ ಮೆತ್ತನೆ ಅನ್ನ, ಹೊಸ ತೌಡು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಬೇಯಿಸಿದ ಮೊಟ್ಟೆ ಅಥವಾ ಮೀನು ಬೆರೆಸಿದರೆ ಚೇತರಿಸಿಕೊಳ್ಳುವ ಮರಿಗೆ ಒಳ್ಳೆಯ ಊಟ. ಅನ್ನವೊಂದೇ ಊಟವಾಗಬಾರದು.

ಮಳೆಗಾಲದ ದೊಡ್ಡ ವೈರಿ ಬೂಸ್ಟು. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳಲ್ಲಿ ಬಾಯಿ ಬಿಚ್ಚಿಟ್ಟ ಶೇಂಗಾ ಹಿಂಡಿಯ ಚೀಲ ಎಷ್ಟು ದಿನ ಉಳಿದೀತು? 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು, ಜತೆಗೆ ಬಾತಿನ ಮರಿಗಳೂ. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಸ್ಟು ಸುರಿಸಿದ್ದ ವಿಷವೇ ಕಾರಣವೆಂದು ತಿಳಿದಾಗ ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಸಾಕುಹಕ್ಕಿಗಳಲ್ಲೇ ಅದಕ್ಕೆ ತೀರ ಸುಲಭವಾಗಿ ಬಲಿಯಾಗುವುದು ಬಾತಿನ ಮರಿ. ಎಷ್ಟರಮಟ್ಟಿಗೆ ಎಂದರೆ, ಆಹಾರದಲ್ಲಿ ಈ ವಿಷ ಇದೆಯೇ ಎಂದು ಪತ್ತೆಹಚ್ಚಲು ಪ್ರಯೋಗಾಲಯಗಳು ಒಂದು ದಿನದ ಬಾತಿನ ಮರಿಯನ್ನೇ ಬಳಸುತ್ತಿದ್ದವು. ಬಿಸಿಲಿಗೆ ಹಾಕಿದರೂ ಬೇಯಿಸಿದರೂ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆಯ ಹಿಂಡಿಯನ್ನು ಕೋಳಿಗಾದರೂ ಹಾಕೋಣ ಎಂದು ಇಟ್ಟುಕೊಳ್ಳದೆ ಹೂಳಿಬಿಡುವುದೇ ಸರಿ.

ಹಾಸಿನಲ್ಲಿ ಬೆಳೆಯುವ ಇನ್ನೊಂದು ಆಸ್ಪರ್ಜಿಲ್ಲಸ್, ಅಂದರೆ ಫ್ಯೂಮಿಗೇಟಸ್, ಉಸಿರಿನ ಜತೆ ಒಳಹೊಕ್ಕು ಮರಿಯ ಶ್ವಾಸಕೋಶದಲ್ಲಿ ಗಂಟು ಕಟ್ಟುತ್ತದೆ. ಕತ್ತು ಚಾಚಿ ಬಾಯಿ ತೆರೆದು ಉಸಿರಾಡುವ, ಆದರೆ ಸದ್ದು ಮಾಡದ ಮರಿಯನ್ನು ಕಂಡರೆ ಈ ಅನುಮಾನ ಬರಬೇಕು. ಮದ್ದು ಹೆಚ್ಚೇನೂ ಹಿಡಿಯದು. ಒದ್ದೆಯಾದ ಬೈಹುಲ್ಲೇ ಇದರ ತವರು. ಒಣಗಿದ ಉಮಿ ಮೇಲು, ಮೊದಲ ಮೂರು ದಿನ ಮರಿ ಉಮಿಯನ್ನೇ ತಿನ್ನದಂತೆ ಮೇಲೊಂದು ಗೋಣಿ ಹಾಸಬೇಕು. ಗೋಣಿಗೆ ಇನ್ನೊಂದು ಉಪಯೋಗವೂ ಇದೆ. ನುಣುಪಾದ ಪೇಪರ್ ಅಥವಾ ಟೈಲ್ಸ್ ಮೇಲೆ ಜಾರಿ ಜಾರಿ ಕಾಲು ಎರಡೂ ಬದಿಗೆ ಚಾಚಿಹೋದ ಮರಿಗೆ ಅದು ಹಿಡಿತ ಕೊಡುತ್ತದೆ. ಹಾಗೆ ಚಾಚಿದ ಕಾಲನ್ನು ಮೆತ್ತನೆಯ ಪಟ್ಟಿಯಿಂದ ಸಹಜ ಅಗಲಕ್ಕೆ ಸಡಿಲವಾಗಿ ಜೋಡಿಸಿ ಕಟ್ಟಿ, ದಿನವೂ ಬಿಚ್ಚಿ ನೋಡುತ್ತಿದ್ದರೆ ಕೆಲವೇ ದಿನಗಳಲ್ಲಿ ಸರಿಹೋಗುವುದುಂಟು. ಹುಟ್ಟಿದ ವಾರದೊಳಗೆ ಮಾಡಿದರೆ ಮಾತ್ರ.

ಸೋಂಕು ರೋಗಗಳಿಗೆ ಬಂದರೆ ಕರಾವಳಿಯಲ್ಲಿ ಒಂದು ಭ್ರಮೆಗೆ ಆಸ್ಪದವಿದೆ. ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ಬಂದು ಅಂಗಳದ ಕೋಳಿಗಳೆಲ್ಲ ಮಲಗಿದರೂ ಪಕ್ಕದ ಬಾತು ಸಾಮಾನ್ಯವಾಗಿ ಗಟ್ಟಿಯಾಗಿಯೇ ಓಡಾಡುತ್ತಿರುತ್ತದೆ. ಬಾತಿಗೆ ಕಾಯಿಲೆಯೇ ಇಲ್ಲ ಎಂಬ ನಂಬಿಕೆ ಹುಟ್ಟಲು ಅಷ್ಟು ಸಾಕು. ಆದರೆ ಬಾತಿಗೆ ಅದರದೇ ರೋಗಗಳಿವೆ. ಹರ್ಪಿಸ್ ಗುಂಪಿನ ವೈರಸ್ಸಿನಿಂದ ಬರುವ ಬಾತಿನ ಪ್ಲೇಗ್ 1923ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲು ವರದಿಯಾಯಿತು, ಭಾರತದಲ್ಲಿ 1963ರಲ್ಲಿ ಪಶ್ಚಿಮ ಬಂಗಾಳದಲ್ಲಿ. ಬೆಳಕು ಸಹಿಸದೆ ಕಣ್ಣು ಮುಚ್ಚುವುದು, ಹಸಿರು ನೀರು ಭೇದಿ, ರೆಕ್ಕೆ ಜೋಲುವುದು ಅದರ ಗುರುತು. ಮದ್ದಿಲ್ಲ, ಲಸಿಕೆ ಇದೆ, ಎಂಟು ವಾರದ ಹೊತ್ತಿಗೆ ಹಾಕಿಸುವುದು ರೂಢಿ. 1949ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಗುರುತಿಸಿದ ವೈರಸ್ ಹೆಪಟೈಟಿಸ್ ಎಳೆಮರಿಗಳನ್ನೇ ಹಿಡಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮರಿ ಸಂಜೆಯೊಳಗೆ ಕಾಲು ಒದೆಯುತ್ತ, ತಲೆ ಬೆನ್ನಿಗೆ ಸೆಟೆದು ಸಾಯುತ್ತದೆ. ಬೇಸಿಗೆಯ ಕೊನೆಗೆ ಬತ್ತುತ್ತಿರುವ ಮದಗದ ಕೊಳೆಕೆಸರಿನಲ್ಲಿ, ಸತ್ತ ಪ್ರಾಣಿಯ ಹುಳುಗಳಲ್ಲಿ ಬೆಳೆಯುವ ಬೊಟುಲಿಸಂ ವಿಷದ್ದು ಬೇರೆಯೇ ಚಿತ್ರ: ಪ್ರಜ್ಞೆಯಿದ್ದರೂ ಕತ್ತು ನಾರಿನಂತೆ ಜೋತುಬೀಳುತ್ತದೆ. ಔಷಧಿ ಹೊಡೆದ ಗದ್ದೆಯಿಂದ ಬಂದ ಮರಿ ಜೊಲ್ಲು ಸುರಿಸಿ ನಡುಗುತ್ತಿದ್ದರೆ ಕೀಟನಾಶಕದ ಸಂಶಯಪಡಬೇಕು, ಡಬ್ಬಿಯ ಹೆಸರು ಬರೆದುಕೊಂಡೇ ಪಶುವೈದ್ಯರ ಬಳಿ ಹೋಗಬೇಕು.

ಹಕ್ಕಿಜ್ವರದ ಮಾತನ್ನು ಬಿಡುವಂತಿಲ್ಲ. 2014ರ ನವೆಂಬರಿನಲ್ಲಿ ಕುಟ್ಟನಾಡಿನ ಬಾತುಗಳಿಗೆ ಅದು ಬಂದಾಗ ಆಲಪ್ಪುಳ, ಕೊಟ್ಟಾಯಂ ಸುತ್ತಲಿನ ಸಾಕಣೆಗಾರರ ವರ್ಷದ ದುಡಿಮೆಯೇ ನೆಲಸಮವಾಯಿತು. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿಗಳಿಂದ ಶುರುವಾಗಿ, ಅಲ್ಲಿನ ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂತು. ಬಾತು ಈ ವೈರಸ್ಸನ್ನು ಕಾಯಿಲೆಯ ಲಕ್ಷಣವೇ ಇಲ್ಲದೆ ಹೊತ್ತು ತಿರುಗಬಲ್ಲದು. ಅಂಗಳದಲ್ಲಿ ಒಟ್ಟಿಗೆ ಹಲವು ಹಕ್ಕಿ ಸತ್ತರೆ ಅವನ್ನು ಹೊಳೆಗೆ ಎಸೆಯದೆ, ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಮಾದರಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೂ, ಅಗತ್ಯ ಬಿದ್ದರೆ ಭೋಪಾಲದ ಪ್ರಯೋಗಾಲಯಕ್ಕೂ ಹೋಗುತ್ತದೆ. ಒಂದೇ ಮರಿ ನೋಡಿಕೊಳ್ಳುವಾಗಲೂ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು, ಮುದ್ದು ಮಾಡಿ ಮುಖಕ್ಕೊತ್ತಿಕೊಳ್ಳುವ ಮಕ್ಕಳಿಗೆ ಅದು ಬೇಗ ತಾಗುತ್ತದೆ.

ಮನೆಮದ್ದಿಗೆ ಮಿತಿ ಇದೆ. ಬೆಚ್ಚಗಿಟ್ಟು ಅರ್ಧ ದಿನವಾದರೂ ತಲೆಯೆತ್ತದ, ರಕ್ತ ಬೆರೆತ ಹಿಕ್ಕೆ ಹಾಕುವ, ಹೊಕ್ಕುಳು ಕೆಂಪಾಗಿ ಊದಿ ವಾಸನೆ ಬರುವ, ಮುಂಗುಸಿ ಅಥವಾ ಬೆಕ್ಕಿನ ಹಲ್ಲು ತಾಗಿದ ಮರಿಯನ್ನು ವೈದ್ಯರೇ ನೋಡಬೇಕು. ಮನುಷ್ಯರ ನೋವಿನ ಗುಳಿಗೆ, ಯಾರಿಗೋ ಬರೆದುಕೊಟ್ಟು ಉಳಿದ ಆಂಟಿಬಯೋಟಿಕ್ ಅರೆದು ಕುಡಿಸುವುದು ಐವತ್ತು ಗ್ರಾಂ ತೂಗುವ ಜೀವದ ಮೇಲೆ ಜೂಜಾಡಿದಂತೆ. 1962 ಸಂಖ್ಯೆಗೆ ಕರೆ ಮಾಡಿದರೆ ಪಶುಸಂಗೋಪನೆ ಇಲಾಖೆಯ ಸಂಚಾರಿ ಚಿಕಿತ್ಸಾ ವ್ಯವಸ್ಥೆಯ ಸಂಪರ್ಕ ಸಿಗುತ್ತದೆ. ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಘಟ್ಟ ಹತ್ತಿದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು. ಗದ್ದೆಯಂಚಿನಲ್ಲಿ ಸಿಕ್ಕಿದ್ದು ಕಾಡುಬಾತಿನ ಮರಿಯಾದರೆ ದಾರಿಯೇ ಬೇರೆ. ಸಿಳ್ಳೆ ಬಾತಿನಂಥವು ಮಳೆಗಾಲದಲ್ಲಿ ಇಲ್ಲೇ ಮರಿ ಮಾಡುತ್ತವೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಸಾಕುವಂತಿಲ್ಲ. ತಾಯಿ ಹತ್ತಿರದಲ್ಲೇ ಜೊಂಡಿನ ಮರೆಯಲ್ಲಿ ಕಾದಿರಬಹುದು. ದೂರ ಸರಿದು ನೋಡಿ, ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಾಯಿಲೆಯ ಮರಿಯನ್ನು ಬೇರ್ಪಡಿಸಬೇಕು ನಿಜ, ಒಂಟಿಯಾಗಿಸಿದರೆ ಅದು ಇನ್ನಷ್ಟು ಬಳಲುತ್ತದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕಣ್ಣೆದುರು ಚಲಿಸುವುದನ್ನು ತನ್ನ ಬಳಗವೆಂದು ಮನಸ್ಸಿಗೆ ಅಚ್ಚೊತ್ತಿಕೊಳ್ಳುವ ಹಕ್ಕಿ ಅದು. ಆಸ್ಟ್ರಿಯಾದ ಕಾನ್ರಾಡ್ ಲೊರೆನ್ಸ್ ಬಾತಿನ ಮರಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತಾಯಿಬಾತಿನಂತೆ ಕೂಗುತ್ತ ಹುಲ್ಲಿನಲ್ಲಿ ತೆವಳಿ ಅವುಗಳಿಗೆ ತಾಯಿಯಾದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಗುಂಪಿನಿಂದ ತೆಗೆದ ಮರಿ ಗಂಟೆಗಟ್ಟಲೆ ಚೀರಿ ದಣಿಯುತ್ತದೆ, ಉಳಿದ ಶಕ್ತಿ ಅದರಲ್ಲೇ ಕರಗುತ್ತದೆ. ಸೋಂಕಿನ ಭಯವಿಲ್ಲದಿದ್ದರೆ ನಡುವೆ ಬಲೆ ಹಾಕಿ ಒಡಹುಟ್ಟಿದವುಗಳ ಕಣ್ಣಳತೆಯಲ್ಲಿ ಇಡಬಹುದು. ಸೋಂಕಿದ್ದರೆ ಪೆಟ್ಟಿಗೆಯಲ್ಲೊಂದು ಪುಟ್ಟ ಕನ್ನಡಿ, ಮೆತ್ತನೆಯ ಬಟ್ಟೆಯ ಉಂಡೆ, ಆಗಾಗ ಮನೆಯವರ ದನಿ.

ಗುಣವಾದ ಮರಿಯನ್ನು ಒಮ್ಮೆಗೇ ಗುಂಪಿಗೆ ಬಿಟ್ಟರೆ ಉಳಿದವು ಹೊಸಬನೆಂದು ಕುಕ್ಕಿ ಓಡಿಸುತ್ತವೆ. ಒಂದೆರಡು ದಿನ ಬಲೆಯಾಚೆ, ಆಮೇಲೆ ಸಂಜೆಯ ಊಟದ ಹೊತ್ತಿಗೆ ಒಟ್ಟಿಗೆ ಬಿಡುವುದು ಒಳ್ಳೆಯದು. ನೀರೂ ಹಾಗೆಯೇ. ಮೊದಲು ಅಂಗಳದ ಅಗಲ ಬಟ್ಟಲಲ್ಲಿ, ಬಿಸಿಲಿದ್ದಾಗ, ಐದು ನಿಮಿಷ ಕಣ್ಣೆದುರೇ ಆಡಿಸಿ, ಎತ್ತಿ, ಒರೆಸಿ ಬೆಚ್ಚಗಿಡಬೇಕು. ಎದೆ ಮತ್ತು ಹೊಟ್ಟೆಯ ಗರಿ ತುಂಬಿ, ಬಾಲದ ಬುಡಕ್ಕೆ ಕೊಕ್ಕು ಹಾಕಿ ಎಣ್ಣೆ ಸವರಿಕೊಳ್ಳುವುದನ್ನು ಕಲಿತ ಮೇಲೆ ಬೆನ್ನಿನ ಮೇಲೆ ಬಿದ್ದ ಹನಿ ಹೀರದೆ ಉರುಳಿ ಬೀಳತೊಡಗುತ್ತದೆ. ಆಗ ಅದನ್ನು ಮದಗಕ್ಕೆ ಬಿಡಬಹುದು.